ಬಾಗಿದ ಹ್ಯಾಂಡಲ್: ಯಾವ ಬಾಗಿಲಿಗೆ ಯಾವುದು, ಕೂರಿಸುವುದು ಹೇಗೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಹ್ಯಾಂಡಲ್‌ಗಳನ್ನು ಹಲಗೆಗೆ ಬಿಗಿದು ಗೋಡೆ ತುಂಬ ನೇತು ಹಾಕಿರುತ್ತಾರೆ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಯಾಕಂದ್ರೆ ಅಲ್ಲಿ ಚೌಕಟ್ಟಿಲ್ಲ, ಹೊರಗಿನ ಗ್ರಿಲ್ ಬಾಗಿಲಿಲ್ಲ, ಪಕ್ಕದಲ್ಲಿ ಗೋಡೆಯಿಲ್ಲ. ಮನೆಗೆ ತಂದು ಬಿಗಿದ ಮೇಲೆ ಶುರು: ಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜುತ್ತದೆ, ಗ್ರಿಲ್ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಸೆರಗು ಸಿಕ್ಕಿಕೊಳ್ಳುತ್ತದೆ. ನೇರ ಹ್ಯಾಂಡಲ್‌ಗಿಂತ ಬಾಗಿದ್ದರಲ್ಲಿ ಈ ತಾಪತ್ರಯ ಜಾಸ್ತಿ. ಅದಕ್ಕೆ ಎಡ-ಬಲ ಇದೆ, ಮೇಲೆ-ಕೆಳಗೆ ಇದೆ, ಉಬ್ಬು ಯಾವ ಕಡೆಗೆ ಬರಬೇಕು ಅನ್ನುವ ಲೆಕ್ಕವಿದೆ.

ಹಾಗಾಗಿ ಹ್ಯಾಂಡಲ್ ನೋಡುವ ಮೊದಲು ಬಾಗಿಲು ನೋಡಿ. ದಪ್ಪ ಎಷ್ಟು? ಒಳಗೆ ಗಟ್ಟಿ ಮರವೋ, ಟೊಳ್ಳೋ? ಯಾವ ಕಡೆ ತೆರೆಯುತ್ತದೆ? ಮುಂದೆ ಇನ್ನೊಂದು ಬಾಗಿಲಿದೆಯಾ? ಟೇಪ್ ಹಿಡಿದು ಇಷ್ಟನ್ನು ಬರೆದುಕೊಂಡು ಅಂಗಡಿಗೆ ಹೋದರೆ ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ. ಉಳಿದರ್ಧಕ್ಕೆ ಈ ಬರಹ.

## ಎಳೆಯುವುದೋ, ಒತ್ತಿ ಇಳಿಸುವುದೋ

"ಬಾಗಿದ ಹ್ಯಾಂಡಲ್ ತೋರಿಸಿ" ಅಂದರೆ ಅಂಗಡಿಯವರು ಎರಡು ಬೇರೆ ಬೇರೆ ಸಾಮಾನು ತೆಗೆದಿಡುತ್ತಾರೆ. ಒಂದು, ಕಮಾನಿನ ಆಕಾರದ ಹಿಡಿ. ಇದು ಬಾಗಿಲನ್ನು ಎಳೆಯುವುದಕ್ಕೆ ಅಷ್ಟೇ. ಮುಚ್ಚಿ ಹಿಡಿದಿಡಲು ಬೇರೆ ಬೀಗವೋ ಚಿಲಕವೋ ಬೇಕು. ಇನ್ನೊಂದು, ಲಿವರ್. ಒತ್ತಿ ಇಳಿಸಿದರೆ ಬಾಗಿಲೊಳಗೆ ಹುಗಿದಿರುವ ಮಾರ್ಟೈಸ್ ಲಾಕ್‌ನ ನಾಲಿಗೆ ಹಿಂದೆ ಸರಿಯುತ್ತದೆ.

ಮುಂಬಾಗಿಲಿಗೆ ಹಿಡಿ ಮತ್ತು ಪ್ರತ್ಯೇಕ ಬೀಗ ಒಳ್ಳೆಯದು. ಬೀಗ ಕೆಟ್ಟರೆ ಬೀಗ ಬದಲಿಸಿ, ಹಿಡಿ ಬೇಜಾರಾದರೆ ಹಿಡಿ ಬದಲಿಸಿ. ಒಂದಕ್ಕೊಂದು ಕಟ್ಟುಬಿದ್ದಿರುವುದಿಲ್ಲ. ಮಲಗುವ ಕೋಣೆಗೆ ಲಿವರ್. ಕೈಯಲ್ಲಿ ಬಟ್ಟೆಯ ರಾಶಿ ಇದ್ದಾಗ ಮೊಣಕೈಯಿಂದಲೇ ಒತ್ತಿ ಬಾಗಿಲು ತೆಗೆಯಬಹುದು. ಮನೆಯಲ್ಲಿ ಗಂಟು ನೋವಿರುವ ಹಿರಿಯರಿದ್ದರೆ ದುಂಡನೆಯ ನಾಬ್ ಕಡೆ ನೋಡಲೇಬೇಡಿ. ಅದನ್ನು ಬಿಗಿಯಾಗಿ ಹಿಡಿದು ಮಣಿಕಟ್ಟು ತಿರುಗಿಸಬೇಕು. ಸ್ನಾನದ ಮನೆಯಲ್ಲೂ ಅಷ್ಟೇ, ಸೋಪಿನ ಕೈಗೆ ನಾಬ್ ಜಾರುತ್ತದೆ, ಲಿವರ್ ಜಾರುವುದಿಲ್ಲ. ಅಡುಗೆಮನೆ ಮತ್ತು ಯುಟಿಲಿಟಿ ಬಾಗಿಲು ಹೇಗೂ ದಿನವಿಡೀ ತೆರೆದೇ ಇರುತ್ತದೆ. ಅಲ್ಲಿಗೆ ಲಿವರ್ ಸುಮ್ನೆ ಖರ್ಚು. ಒಂದು ಹಿಡಿ, ಒಂದು ಟವರ್ ಬೋಲ್ಟ್ (ಸರಿಸಿ ಹಾಕುವ ಚಿಲಕ) ಸಾಕು.

## ಮುಂಬಾಗಿಲು: ಉಬ್ಬು ಹೊರಕ್ಕೋ, ಪಕ್ಕಕ್ಕೋ

ಎಳೆಯುವ ಹಿಡಿಗಳಲ್ಲಿ ಬಾಗು ಎರಡು ಥರ ಇರುತ್ತದೆ. ಕೆಲವು ಬಾಗಿಲಿಂದ ನಮ್ಮ ಕಡೆಗೆ ಉಬ್ಬಿರುತ್ತವೆ. ಎದುರಿನಿಂದ ನೋಡಿದರೆ ನೇರ ಕಂಬಿ, ಪಕ್ಕದಿಂದ ನೋಡಿದರೆ ಕಮಾನು. ಇನ್ನು ಕೆಲವು ಎದುರಿನಿಂದಲೇ ಅರ್ಧಚಂದ್ರದ ಹಾಗೆ ಕಾಣುತ್ತವೆ, ಅಂದರೆ ಬಾಗು ಪಕ್ಕಕ್ಕೆ. ಇಂಗ್ಲಿಷಿನ ಎಸ್ ಅಕ್ಷರದ ಹಿಡಿಯೂ ಈ ಎರಡನೇ ಜಾತಿಗೆ ಸೇರಿದ್ದು. ಫೋಟೋದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಆನ್‌ಲೈನಲ್ಲಿ ಕೊಳ್ಳುವವರು ಎಡವುವುದು ಇಲ್ಲೇ.

ಯಾಕೆ ಇದು ಮುಖ್ಯ ಅಂದರೆ, ನಮ್ಮಲ್ಲಿ ಬಹಳ ಮನೆಗಳ ಮುಂಬಾಗಿಲ ಹೊರಗೆ ಗ್ರಿಲ್ ಬಾಗಿಲೋ, ಸೊಳ್ಳೆ ಜಾಲರಿಯ ಬಾಗಿಲೋ ಇರುತ್ತದೆ, ಅದೂ ಒಂದೇ ಚೌಕಟ್ಟಿನಲ್ಲಿ. ಈಗ ಲೆಕ್ಕ ಹಾಕಿ. ಚೌಕಟ್ಟಿನ ಮರದ ಅಗಲ, ಒಳಗಿಂದ ಹೊರಕ್ಕೆ, 5 ಇಂಚು ಅಂತಿಟ್ಟುಕೊಳ್ಳಿ, ಸುಮಾರು 125 ಮಿ.ಮೀ. ಒಳಗಿನ ಮರದ ಬಾಗಿಲು 38 ಮಿ.ಮೀ. ತಿನ್ನುತ್ತದೆ. ಹೊರಗಿನದು 30 ಮಿ.ಮೀ. ಎರಡರ ನಡುವೆ ಉಳಿಯುವುದು 57 ಮಿ.ಮೀ. ಅದರಲ್ಲೂ ಹೊರಗಿನ ಬಾಗಿಲಿಗೆ ಒಳಮೈಯಲ್ಲಿ ಒಂದು ಚಿಲಕ ಇದ್ದೇ ಇರುತ್ತದೆ. ಹೊರಕ್ಕೆ ಉಬ್ಬಿದ ಒಳ್ಳೆಯ ತೂಕದ ಹಿಡಿಗಳು 60–75 ಮಿ.ಮೀ. ಮುಂದೆ ಬರುವುದು ಮಾಮೂಲು. ಅಂದರೆ ಗ್ರಿಲ್ ಬಾಗಿಲು ಮುಚ್ಚುವುದೇ ಇಲ್ಲ, ಅಥವಾ ಪ್ರತಿ ಸಲ ಠಣ್ ಅಂತ ಬಡಿದು ಹಿಡಿಯ ಪಾಲಿಶ್ ಕಿತ್ತುಹೋಗುತ್ತದೆ.

ಹಾಗಿದ್ದಾಗ ಪಕ್ಕಕ್ಕೆ ಬಾಗಿದ, ಬಾಗಿಲಿಗೆ ಹತ್ತಿರ ಕೂರುವ ಹಿಡಿ ತೆಗೆದುಕೊಳ್ಳಿ. ಆದರೆ ತೀರಾ ಹತ್ತಿರವೂ ಬೇಡ. ಹಿಡಿಯ ಒಳಮೈಗೂ ಬಾಗಿಲಿಗೂ ನಡುವೆ 35 ಮಿ.ಮೀ. ಆದರೂ ಇರಲಿ. ಅದಕ್ಕಿಂತ ಕಡಿಮೆಯಾದರೆ ಬೆರಳು ತೂರಿಸಿದಾಗ ಗೆಣ್ಣು ಮರಕ್ಕೆ ಉಜ್ಜುತ್ತದೆ. ಅಂಗಡಿಯಲ್ಲೇ ಹಿಡಿಯನ್ನು ಕೌಂಟರ್ ಮೇಲೆ ಮಲಗಿಸಿ, ನಾಲ್ಕು ಬೆರಳು ಒಳಗೆ ಹಾಕಿ ಎತ್ತಿ ನೋಡಿ. ಉಂಗುರ ಹಾಕಿಕೊಂಡ ಕೈಯಿಂದ ನೋಡಿದರೆ ಇನ್ನೂ ಒಳ್ಳೆಯದು.

ಎರಡು ಕದದ ಬಾಗಿಲಿಗೆ ಅರ್ಧಚಂದ್ರದ ಜೋಡಿ ಹಾಕುವವರಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಕಂಸದ ಹಾಗೆ ( ) ಹೀಗೆ ಬರಬೇಕೋ, ) ( ಹೀಗೋ? ಅಂದದ ಮಾತು ಬಿಡಿ, ಅದು ಅವರವರ ಇಷ್ಟ. ಬೋಲ್ಟ್ ಎಲ್ಲಿ ಬೀಳುತ್ತದೆ ನೋಡಿ. ಹಲಗೆ ಕೂರಿಸಿದ ಮರದ ಬಾಗಿಲಲ್ಲಿ ಅಂಚಿನ ಕಂಬ ಮಾತ್ರ ಪೂರ್ತಿ ದಪ್ಪ, ಅಗಲ ಸುಮಾರು 4 ಇಂಚು. ನಡುವಿನ ಹಲಗೆ ತೆಳು. ( ) ಹೀಗೆ ಹಾಕಿದರೆ ಹಿಡಿಯ ಎರಡು ತುದಿಗಳೂ ಅಂಚಿನ ಕಂಬದ ಮೇಲೆ ಬರುತ್ತವೆ, ಹೊಟ್ಟೆ ಮಾತ್ರ ಹಲಗೆಯ ಕಡೆ ಸರಿಯುತ್ತದೆ. ಬೋಲ್ಟಿಗೆ ಗಟ್ಟಿ ಮರ ಸಿಗುತ್ತದೆ. ) ( ಹೀಗೆ ಹಾಕಿದರೆ ಉಲ್ಟಾ. ತುದಿಗಳು ಹಲಗೆಯ ಕಡೆ ಹೋಗುತ್ತವೆ, ಎರಡು ಹೊಟ್ಟೆಗಳೂ ಒಂದಕ್ಕೊಂದು ಹತ್ತಿರ ಬಂದು ಒಂದನ್ನು ಹಿಡಿದರೆ ಕೈ ಇನ್ನೊಂದಕ್ಕೆ ತಾಗುತ್ತದೆ. ನನ್ನ ಓಟು ಮೊದಲನೆಯದಕ್ಕೆ. ಒಂದೇ ಎಚ್ಚರ: ಎರಡು ಕದಗಳ ಸಂದು ಮುಚ್ಚಲು ಹೊಡೆದಿರುವ ಪಟ್ಟಿಯ ಮೇಲೆ ಬೋಲ್ಟ್ ಬರದಂತೆ ಸ್ವಲ್ಪ ಒಳಕ್ಕೆ ಸರಿಸಿ ಗುರುತು ಹಾಕಿ.

ಮುಂಬಾಗಿಲಲ್ಲಿ ಮಾರ್ಟೈಸ್ ಲಾಕ್ ಕೂಡ ಇದ್ದರೆ, ಅದರ ಪೆಟ್ಟಿಗೆ ಮರದೊಳಗೆ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಪೆನ್ಸಿಲಲ್ಲಿ ಬಾಗಿಲ ಮೇಲೆ ಬರೆದುಕೊಳ್ಳಿ. ಹಿಡಿಯ ಬೋಲ್ಟಿಗೆ ಡ್ರಿಲ್ ಹಾಕುವಾಗ ಬಿಟ್ ನೇರ ಲಾಕಿನ ಹೊಟ್ಟೆಗೆ ಹೋದರೆ ಎರಡೂ ಹಾಳು. ಈಗಿನ ಡಿಜಿಟಲ್ ಲಾಕ್‌ಗಳು ಇನ್ನೂ ಉದ್ದ. ಅವು ಇರುವ ಬಾಗಿಲಿಗೆ ಹಿಡಿಯನ್ನು ಲಾಕಿನ ಮೇಲೋ ಕೆಳಗೋ ಪೂರ್ತಿ ಬಿಟ್ಟು ಕೂರಿಸುವುದೇ ಸರಿ.

## ಲಿವರ್: ಎಡಗೈಯೋ ಬಲಗೈಯೋ

ನೇರವಾದ ಲಿವರ್ ಆಗಿದ್ದರೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಬಾಗಿದ ಲಿವರ್ ಹಾಗಲ್ಲ. ಅದರ ತುದಿ ಯಾವಾಗಲೂ ಬಾಗಿಲ ಕೀಲಿನ (ಹಿಂಜ್) ಕಡೆಗೆ ಇರಬೇಕು, ಉಬ್ಬು ಮೇಲಕ್ಕೆ ಇರಬೇಕು. ಉಬ್ಬು ಮೇಲಿದ್ದರೆ ಅಂಗೈ ಅದರ ಮೇಲೆ ಕೂರುತ್ತದೆ. ಉಲ್ಟಾ ಆದರೆ ಕೈ ತುದಿಯ ಕಡೆಗೆ ಜಾರಿ, ಒತ್ತುವಾಗ ಉಗುರು ಬಾಗಿಲಿಗೆ ಗೀರುತ್ತದೆ. ಬಾಗಿಲ ಎರಡು ಬದಿಯ ಲಿವರ್‌ಗಳು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬ. ಹಾಗಾಗಿ ಡಬ್ಬಿಯಲ್ಲಿ ಒಂದು ಎಡ, ಒಂದು ಬಲ ಇರಬೇಕು. ಎರಡೂ ಒಂದೇ ಕಡೆಯವು ಬಂದಿದ್ದರೆ ಪ್ಯಾಕಿಂಗಲ್ಲಿ ಅದಲುಬದಲಾಗಿದೆ ಅಂತ ಅರ್ಥ. ಅಂಗಡಿಯಲ್ಲೇ ಬಿಚ್ಚಿ ನೋಡಿಕೊಳ್ಳಿ.

ಬಾಗಿಲು ತೆರೆಯುವ ದಿಕ್ಕನ್ನು ಬಾಯಲ್ಲಿ ಹೇಳಲು ಹೋಗಬೇಡಿ. "ಎಡಗಡೆ ಸರ್" ಅಂದರೆ ಯಾರ ಎಡ, ಒಳಗೆ ನಿಂತವರದೋ ಹೊರಗೆ ನಿಂತವರದೋ? ಕೀಲು ಕಾಣುವ ಹಾಗೆ ಒಂದು ಫೋಟೋ, ಕೀಲು ಕಾಣದ ಕಡೆಯಿಂದ ಇನ್ನೊಂದು ಫೋಟೋ ಮೊಬೈಲಲ್ಲಿ ಇಟ್ಟುಕೊಂಡು ತೋರಿಸಿ. ಮಾತೇ ಬೇಕಾಗುವುದಿಲ್ಲ.

ಕೆಲವು ಲಿವರ್‌ಗಳಲ್ಲಿ ಬುಡದ ಬಿಲ್ಲೆಯೊಳಗೆ ಸ್ಪ್ರಿಂಗ್ ಇರುತ್ತದೆ. ಅದಕ್ಕೂ ದಿಕ್ಕಿದೆ, ಹಿಂಬದಿಯಲ್ಲಿ ಬಾಣದ ಗುರುತು ಹುಡುಕಿ. ತಪ್ಪಾಗಿ ಕೂರಿಸಿದರೆ ಲಿವರ್ ಕೆಳಗೆ ಇಳಿಯುವುದಿಲ್ಲ, ಇಲ್ಲವೇ ಇಳಿದದ್ದು ಮೇಲೆ ಬರುವುದಿಲ್ಲ. ಸ್ಪ್ರಿಂಗೇ ಇಲ್ಲದ ಅಗ್ಗದವುಗಳಲ್ಲಿ ಲಿವರ್ ಎತ್ತಿ ಹಿಡಿಯುವ ಹೊರೆ ಪೂರ್ತಿ ಲಾಕಿನ ಸ್ಪ್ರಿಂಗ್ ಮೇಲೆ. ಭಾರದ ಬಾಗಿದ ಲಿವರ್ ಹಾಕಿದರೆ ಬರಬರುತ್ತಾ ತುದಿ ಜೋಲುತ್ತದೆ. ಜೋತ ಲಿವರ್ ನೋಡಿದವರು ಹ್ಯಾಂಡಲ್ ಬದಲಿಸುತ್ತಾರೆ. ಬದಲಿಸಬೇಕಾದ್ದು ಲಾಕ್ ಆಗಿರುತ್ತದೆ.

ತುದಿಯ ಬಗ್ಗೆ ಒಂದು ಮಾತು. ಬಾಗಿದ ಲಿವರ್‌ಗಳಲ್ಲಿ ಕೆಲವು ಅಲೆಯಂತೆ ಹೋಗಿ ತುದಿಯನ್ನು ಗಾಳಿಯಲ್ಲಿ ಬಿಡುತ್ತವೆ. ಕೆಲವು ತುದಿಯಲ್ಲಿ ಮತ್ತೆ ಬಾಗಿಲ ಕಡೆಗೆ ತಿರುಗುತ್ತವೆ. ಸೀರೆ ಉಡುವವರು, ದುಪಟ್ಟಾ ಹಾಕುವವರು, ಪಂಚೆಯ ಮೇಲೆ ಶಲ್ಯ ಹೊದೆಯುವವರು ಇರುವ ಮನೆಗೆ ಎರಡನೆಯದೇ ಸರಿ. ಗಾಳಿಯಲ್ಲಿ ಬಿಟ್ಟ ತುದಿ ಕೊಕ್ಕೆಯ ಕೆಲಸ ಮಾಡುತ್ತದೆ. ಇದು ನಮ್ಮ ಕಡೆಯ ಚಿಂತೆ ಮಾತ್ರ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮದಲ್ಲಿ, ತುರ್ತಾಗಿ ಹೊರಗೋಡುವಾಗ ಬಟ್ಟೆ ಸಿಕ್ಕಿಕೊಳ್ಳಬಾರದು ಅಂತ ಲಿವರಿನ ತುದಿ ಬಾಗಿಲಿಗೆ ಅರ್ಧ ಇಂಚಿನೊಳಗೆ ತಿರುಗಿ ಬರಬೇಕು ಅನ್ನುವ ಷರತ್ತೇ ಇದೆ. ಡ್ರಾಯಿಂಗ್ ರೂಮಿಗೆ ಆ ನಿಯಮ ಅನ್ವಯಿಸದಿದ್ದರೂ ಸೆರಗಿಗೆ ಅನ್ವಯಿಸುತ್ತದೆ.

ಇನ್ನು ಉದ್ದನೆಯ ಪ್ಲೇಟ್ ಮೇಲಿನ ಲಿವರೋ, ದುಂಡು ಬಿಲ್ಲೆಯ ಮೇಲಿನದೋ? ಬಿಲ್ಲೆ ನೋಡಲು ಹಗುರ, ಈಗಿನ ಫ್ಯಾಷನ್ನೂ ಅದೇ. ಆದರೆ ಅದು ತಪ್ಪನ್ನು ಮುಚ್ಚುವುದಿಲ್ಲ. ತೂತು ಸ್ವಲ್ಪ ಅತ್ತಿತ್ತ ಆದರೂ ಹೊರಗೆ ಇಣುಕುತ್ತದೆ. ಪ್ಲೇಟು ಧಾರಾಳಿ, ಹಳೆಯ ತೂತು, ಉಳಿ ತಗುಲಿದ ಗುರುತು, ಕಿತ್ತ ಮೈಕಾ ಎಲ್ಲವನ್ನೂ ಮುಚ್ಚುತ್ತದೆ. ಹೊಸ ಬಾಗಿಲು, ಕೈ ಪಳಗಿದ ಆಚಾರಿ ಇದ್ದರೆ ಬಿಲ್ಲೆ. ಹಳೆ ಬಾಗಿಲಿಗೆ ಪ್ಲೇಟು.

ಪ್ಲೇಟ್ ತೆಗೆದುಕೊಳ್ಳುವಾಗ ಸ್ಪಿಂಡಲ್ (ಲಾಕಿನ ಮೂಲಕ ಹಾದು ಎರಡು ಬದಿಯ ಲಿವರ್‌ಗಳನ್ನು ಜೋಡಿಸುವ ಚೌಕ ಕಡ್ಡಿ) ನಡುವಿನಿಂದ ಕೀಲಿಕೈ ತೂತಿನ ನಡುವಿಗೆ ಎಷ್ಟು ದೂರ ಅಂತ ಅಳೆಯಲೇಬೇಕು. ನಮ್ಮ ಮಾರುಕಟ್ಟೆಯಲ್ಲಿ 85 ಮಿ.ಮೀ. ಸಾಮಾನ್ಯ, ಆದರೆ ಬೇರೆ ಅಳತೆಯವೂ ಬರುತ್ತವೆ. ಲಾಕ್ ಒಂದು ಕಂಪನಿಯದು, ಹ್ಯಾಂಡಲ್ ಇನ್ನೊಂದರದು ತಂದಾಗ ಕೀಲಿ ತೂತು ಅರ್ಧ ಮುಚ್ಚಿಹೋಗುವುದು ಇದರಿಂದಲೇ. ಇನ್ನೊಂದು ಅಳತೆ, ಬಾಗಿಲ ಅಂಚಿನಿಂದ ಸ್ಪಿಂಡಲ್ ನಡುವಿಗೆ ಇರುವ ದೂರ. ಬ್ಯಾಕ್‌ಸೆಟ್ ಅನ್ನುತ್ತಾರೆ. 45ರಿಂದ 60 ಮಿ.ಮೀ.ವರೆಗೆ ಸಿಗುತ್ತದೆ. ಲಿವರಿಗೆ 45 ಆದರೂ ನಡೆಯುತ್ತದೆ, ಯಾಕಂದ್ರೆ ಕೈ ಚೌಕಟ್ಟಿನಿಂದ ದೂರ, ಕೀಲಿನ ಕಡೆಗೆ ಇರುತ್ತದೆ. ನಾಬ್ ಹಾಕುವುದಾದರೆ 60 ಬೇಕು, ಇಲ್ಲದಿದ್ದರೆ ಚೌಕಟ್ಟು ಗೆಣ್ಣಿನ ಚರ್ಮ ತೆಗೆಯುತ್ತದೆ.

ಊರಿಗೆ ಬಂದಾಗ ಹಿತ್ತಾಳೆಯ ಲಿವರ್ ಕೊಂಡು ಅಮೆರಿಕಕ್ಕೆ ಒಯ್ಯಬೇಕು ಅಂದುಕೊಂಡವರು ಗಮನಿಸಿ. ಅಲ್ಲಿನ ಬಾಗಿಲಲ್ಲಿ ಲಾಕಿಗೆ ಅಂತಲೇ 2⅛ ಇಂಚಿನ ದೊಡ್ಡ ದುಂಡು ತೂತು ಮೊದಲೇ ಇರುತ್ತದೆ, ಬ್ಯಾಕ್‌ಸೆಟ್ 2⅜ ಅಥವಾ 2¾ ಇಂಚು. ನಮ್ಮ ಮಾರ್ಟೈಸ್ ಜೋಡಿ ಅದಕ್ಕೆ ಕೂರುವುದಿಲ್ಲ. ಬರೀ ಎಳೆಯುವ ಹಿಡಿಯಾದರೆ ಧಾರಾಳವಾಗಿ ಒಯ್ಯಿರಿ.

## ಹಿತ್ತಾಳೆ, ಸ್ಟೀಲು, ಮತ್ತೆ ಆ ಭಾರದ ಜಿಂಕು

"ಮ್ಯಾಗ್ನೆಟ್ ಹಿಡೀರಿ ಸರ್, ಅಂಟಲ್ಲ. ಒರಿಜಿನಲ್ ಎಸ್‌ಎಸ್." ಈ ಮಾತು ಕೇಳದೆ ಹ್ಯಾಂಡಲ್ ಕೊಂಡವರಿಲ್ಲ. ಅಯಸ್ಕಾಂತದ ಪರೀಕ್ಷೆ ಸುಳ್ಳಲ್ಲ, ಆದರೆ ಸಾಲದು. ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲು. ಅದರಲ್ಲಿ 304 ಅನ್ನುವ ಗ್ರೇಡಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಹಾಗಾಗಿ ಅಗ್ಗ. ಅಯಸ್ಕಾಂತ ಇವೆರಡಕ್ಕೂ ಅಷ್ಟಾಗಿ ಅಂಟುವುದಿಲ್ಲ. ಹಿತ್ತಾಳೆಗೂ ಅಂಟುವುದಿಲ್ಲ, ಜಿಂಕಿಗೂ ಅಂಟುವುದಿಲ್ಲ. ಅಂದರೆ ಆ ಪರೀಕ್ಷೆಯಿಂದ ಗೊತ್ತಾಗುವುದು ಇದು ಸಾದಾ ಕಬ್ಬಿಣ ಅಲ್ಲ ಅನ್ನುವುದು ಮಾತ್ರ. ಗ್ರೇಡ್ ಏನು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಮನೆಯೊಳಗಿನ ಬಾಗಿಲಿಗೆ 202 ಹಾಕಿದರೂ ಸುಮಾರು ವರ್ಷ ಏನೂ ಆಗುವುದಿಲ್ಲ. ಮಂಗಳೂರು, ಉಡುಪಿ, ಕುಮಟಾ, ಕಾರವಾರ ಬೇರೆ ಕಥೆ. ಉಪ್ಪುಗಾಳಿಗೆ ಅದು ಕಂದು ಚುಕ್ಕೆ ಬಿಡುತ್ತದೆ. ಅಲ್ಲಿ ಕನಿಷ್ಠ 304, ಸಮುದ್ರ ಕಾಣುವಷ್ಟು ಹತ್ತಿರವಾದರೆ 316. ಇದರಲ್ಲಿ ಮಾಲಿಬ್ಡಿನಂ 2–3% ಇರುವುದರಿಂದ ಉಪ್ಪನ್ನು ತಡೆದುಕೊಳ್ಳುತ್ತದೆ. ಯಾವ ಊರೇ ಆಗಲಿ, ಶೌಚಾಲಯದ ಬಾಗಿಲ ಸ್ಟೀಲನ್ನು ಹಾಳು ಮಾಡುವುದು ನೀರಲ್ಲ, ಟಾಯ್ಲೆಟ್ ತೊಳೆಯುವ ಆಸಿಡ್. ಅದರ ಹೊಗೆ ಒಳಗೇ ನಿಂತರೆ 304 ಕೂಡ ಚುಕ್ಕೆ ಬಿಡುತ್ತದೆ. ತೊಳೆದ ಮೇಲೆ ಬಾಗಿಲು ತೆರೆದಿಡಿ, ಹ್ಯಾಂಡಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿತ್ತಾಳೆಯ ಸಾಮಾನು ಹೆಚ್ಚಾಗಿ ಉತ್ತರದ ಅಲಿಗಢ, ಮೊರಾದಾಬಾದ್ ಕಡೆಯಿಂದ ಬರುತ್ತದೆ. ಬಾಗಿದ ಆಕಾರಕ್ಕೆ ಹಿತ್ತಾಳೆ ಹೊಂದುವಷ್ಟು ಸ್ಟೀಲು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎರಕ ಹೊಯ್ದ ಬಾಗಿನಲ್ಲಿ ಒಂದು ತುಂಬುತನ ಇರುತ್ತದೆ. ಸ್ಟೀಲಿನವು ಬಹುಪಾಲು ಟೊಳ್ಳು ಪೈಪನ್ನು ಬಗ್ಗಿಸಿ ಮಾಡಿದವು, ಬಗ್ಗಿದ ಕಡೆ ಒಳಮೈಯಲ್ಲಿ ಸುಕ್ಕು ಕಾಣುತ್ತದೆ. ಆದರೆ ಹಿತ್ತಾಳೆ ಕೊಳ್ಳುವಾಗ ಒಂದು ವಿಷಯ ಕೇಳಿ: ಮೇಲೆ ಲ್ಯಾಕರ್ (ವಾರ್ನಿಶ್‌ನಂಥ) ಲೇಪ ಇದೆಯಾ? ಇದ್ದರೆ ಹಬ್ಬದ ಹಿಂದಿನ ದಿನ ದೀಪದ ಕಂಬಗಳ ಜೊತೆಗೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಲೇಪ ಅಲ್ಲಲ್ಲಿ ಕಿತ್ತು, ಕಿತ್ತ ಕಡೆ ಕಪ್ಪಾಗಿ, ಬೆಕ್ಕಿನ ಮೈಯಂತೆ ಪಟ್ಟೆಪಟ್ಟೆಯಾಗುತ್ತದೆ. ತಿಕ್ಕುವ ಅಭ್ಯಾಸ ಇರುವ ಮನೆಯಾದರೆ ಲೇಪವಿಲ್ಲದ ಹಿತ್ತಾಳೆ ಕೇಳಿ ತನ್ನಿ. ಅರಿಶಿನ ಕುಂಕುಮ ಹಚ್ಚುವ ಮುಂಬಾಗಿಲಿಗಂತೂ ಅದೇ ಸರಿ.

ಜಿಂಕ್ ಅಲಾಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಗೆ ಭಾರ, ಕಣ್ಣಿಗೆ ಹಿತ್ತಾಳೆ, ಬೆಲೆ ಕಡಿಮೆ. ಭಾರ ನೋಡಿ ಮೋಸ ಹೋಗಬೇಡಿ. ಅದರ ಮರೆ (ಸ್ಕ್ರೂ ಕೂರುವ ತೂತಿನೊಳಗಿನ ಸುರುಳಿ ಗೆರೆ) ಮೆತ್ತಗೆ, ಸ್ಕ್ರೂ ಜೋರಾಗಿ ಬಿಗಿದರೆ ಮರೆ ಕಿತ್ತುಹೋಗುತ್ತದೆ. ವಾರ್ಡ್‌ರೋಬಿಗೆ ಸಾಕು, ಮುಂಬಾಗಿಲಿಗೆ ಬೇಡ.

## ಸ್ಕ್ರೂ ಸಾಕೋ, ಬೋಲ್ಟ್ ಬೇಕೋ

ಇದನ್ನು ಬಾಗಿಲ ಹೊಟ್ಟೆಯೇ ಹೇಳುತ್ತದೆ. ತೇಗ, ಹಲಸು, ಹೊನ್ನೆಯಂಥ ಗಟ್ಟಿ ಮರವಾದರೆ ಮರದ ಸ್ಕ್ರೂ ಹಿಡಿದುಕೊಳ್ಳುತ್ತದೆ. ಫ್ಲಶ್ ಡೋರ್ (ಎರಡು ಬದಿಗೂ ಸಮತಟ್ಟಾದ ಪ್ಲೈ ಹಾಳೆ ಅಂಟಿಸಿದ ಬಾಗಿಲು) ಆದರೆ ಬೆರಳಲ್ಲಿ ತಟ್ಟಿ ನೋಡಿ. ಒಳಗೆ ಟೊಳ್ಳಿರುವ ಬಾಗಿಲುಗಳಲ್ಲಿ ಬೀಗ ಕೂರುವ ಜಾಗಕ್ಕೆ ಮಾತ್ರ ಗಟ್ಟಿ ಮರದ ತುಂಡು ಇಟ್ಟಿರುತ್ತಾರೆ, ಎಷ್ಟೋ ಸಲ ಒಂದೇ ಅಂಚಿನಲ್ಲಿ. ಆ ಅಂಚನ್ನು ಕೀಲಿನ ಕಡೆ ಹಾಕಿಬಿಟ್ಟರೆ ಲಾಕ್ ಹಿಡಿಯಲು ಮರವೇ ಇರುವುದಿಲ್ಲ. ಸ್ನಾನದ ಮನೆಯ ಪಿವಿಸಿ, ಫೈಬರ್ ಬಾಗಿಲಿಗೆ ಸ್ಕ್ರೂ ನಂಬಲೇಬೇಡಿ. ಆಚೆಯಿಂದ ಈಚೆಗೆ ಹಾಯುವ ಬೋಲ್ಟ್, ಎರಡೂ ಬದಿಗೆ ಅಗಲವಾದ ವಾಷರ್.

ಎಳೆಯುವ ಹಿಡಿ 8 ಇಂಚಿಗಿಂತ ಉದ್ದವಾದರೆ ಮರ ಎಂಥದೇ ಇರಲಿ, ಬೋಲ್ಟೇ ಸರಿ. ಹಿಡಿಗೆ ಬೀಳುವುದು ಎಳೆತ. ಎಳೆತ ಅಂದರೆ ಸ್ಕ್ರೂವನ್ನು ದಿನಾ ಇಷ್ಟಿಷ್ಟೇ ಕೀಳುವ ಕೆಲಸ. ಹೊರಕ್ಕೆ ಉಬ್ಬಿದ ಹಿಡಿಯನ್ನು ಜನ ಒಂದು ತುದಿಯಲ್ಲಿ ಹಿಡಿದು ಓರೆಯಾಗಿ ಎಳೆಯುತ್ತಾರೆ. ಆಗ ಒಂದೇ ಬುಡಕ್ಕೆ ಪೂರ್ತಿ ಭಾರ. ಒಳಗೂ ಹೊರಗೂ ಜೋಡಿ ಹಿಡಿ ಹಾಕಿದರೆ ಒಂದೇ ಬೋಲ್ಟ್ ಎರಡನ್ನೂ ಹಿಡಿಯುತ್ತದೆ, ಒಳಬದಿಯಲ್ಲಿ ಬೋಲ್ಟಿನ ತಲೆಯೂ ಕಾಣುವುದಿಲ್ಲ.

ಬಾಗಿಲ ದಪ್ಪವನ್ನೂ ಮರೆಯಬೇಡಿ. ಮಾರ್ಟೈಸ್ ಲಾಕಿನ ಪೆಟ್ಟಿಗೆ ಸುಮಾರು 14–16 ಮಿ.ಮೀ. ದಪ್ಪ. 30 ಮಿ.ಮೀ. ಬಾಗಿಲಲ್ಲಿ ಅದಕ್ಕೆ ಗುಂಡಿ ತೋಡಿದರೆ ಎರಡು ಬದಿಗೆ ಉಳಿಯುವುದು ತಲಾ 7–8 ಮಿ.ಮೀ. ಅಷ್ಟರಲ್ಲಿ ಮರದ ಸ್ಕ್ರೂ ಏನು ಹಿಡಿದೀತು? ಅಲ್ಲಿ ಲಾಕಿನ ಮೂಲಕವೇ ಹಾಯುವ ಬೋಲ್ಟ್ ಇರುವ ಹ್ಯಾಂಡಲ್ ತೆಗೆದುಕೊಳ್ಳಿ. ಸಾಧ್ಯವಾದರೆ 35 ಮಿ.ಮೀ. ಬಾಗಿಲನ್ನೇ ಹಾಕಿಸಿ.

## ಕೂರಿಸುವಾಗ

ಎತ್ತರ ನೆಲದಿಂದ 900ರಿಂದ 1050 ಮಿ.ಮೀ., ಅಂದರೆ 3 ಅಡಿಯಿಂದ ಮೂರೂವರೆ ಅಡಿಯೊಳಗೆ. ನೆಲ ಅಂದರೆ ಟೈಲ್ಸ್ ಹಾಕಿ ಮುಗಿದ ನೆಲ. ಟೈಲ್ಸ್‌ಗೆ ಮುಂಚೆ ಅಳೆದು ಗುರುತು ಹಾಕಿದರೆ ಆಮೇಲೆ ಎರಡು ಇಂಚು ಕುಗ್ಗಿಹೋಗುತ್ತದೆ. ಮನೆಯ ಬಾಗಿಲುಗಳಲ್ಲೆಲ್ಲ ಒಂದೇ ಎತ್ತರ ಇರಲಿ. ಉದ್ದನೆಯ ಹಿಡಿಗೆ ಈ ಅಳತೆ ಅದರ ನಡುವಿಗೆ.

ಹ್ಯಾಂಡಲ್ ಡಬ್ಬಿಯಲ್ಲಿ ಬರುವ ಕಾಗದದ ಅಚ್ಚನ್ನು ಬಿಸಾಡಬೇಡಿ. ಬಾಗಿದ ಹಿಡಿಯನ್ನು ಬಾಗಿಲಿಗೆ ಒತ್ತಿಹಿಡಿದು ಗುರುತು ಮಾಡಲು ಹೋದರೆ ಅದು ಓಲಾಡುತ್ತದೆ, ಎರಡು ಬುಡ ಒಂದೇ ಗೆರೆಯಲ್ಲಿ ಬರುವುದಿಲ್ಲ. ಅಚ್ಚು ಇಲ್ಲದಿದ್ದರೆ ರಟ್ಟಿನ ಮೇಲೆ ಹಿಡಿಯನ್ನು ಇಟ್ಟು ಎರಡು ಬೋಲ್ಟಿನ ಜಾಗ ಚುಚ್ಚಿ, ಆ ರಟ್ಟನ್ನೇ ಅಚ್ಚು ಮಾಡಿಕೊಳ್ಳಿ. ಬಾಗಿಲ ಆಚೆ ಬದಿಗೆ ರಟ್ಟನ್ನು ಮಗುಚಿ ಹಿಡಿಯಬೇಕು, ಅದೊಂದು ನೆನಪಿರಲಿ.

ಮೈಕಾ ಹಾಕಿದ ಬಾಗಿಲಿಗೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಗುರುತು ಅದರ ಮೇಲೆ ಹಾಕಿ. ಮೊದಲು ಸಣ್ಣ ಬಿಟ್, 3 ಮಿ.ಮೀ. ಸಾಕು, ಅದನ್ನು ನೇರ ಆಚೆಗೆ ಹಾಯಿಸಿ. ಬಿಟ್ ಬಾಗಿಲಿಗೆ ನೆಟ್ಟಗಿದೆಯಾ ಅಂತ ಒಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರಲಿ. ಆಮೇಲೆ ದೊಡ್ಡ ಬಿಟ್ ಹಾಕಿ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಕೊರೆಯಿರಿ. ಒಂದೇ ಕಡೆಯಿಂದ ಕೊರೆದರೆ ಬಿಟ್ ಆಚೆ ಬರುವ ಗಳಿಗೆಯಲ್ಲಿ ಮೈಕಾದ ಒಂದು ಚಕ್ಕೆ ಎದ್ದು ಬರುತ್ತದೆ, ಅದೂ ಬಿಲ್ಲೆ ಮುಚ್ಚುವ ಜಾಗಕ್ಕಿಂತ ಸರಿಯಾಗಿ ಒಂದು ಕೂದಲು ಹೊರಗೆ.

ಸ್ಪಿಂಡಲಿನ ತೂತು ಬಿಗಿಯಾಗಿರಬಾರದು. 8 ಮಿ.ಮೀ. ಚೌಕದ ಸ್ಪಿಂಡಲ್ ಮೂಲೆಯಿಂದ ಮೂಲೆಗೆ 11 ಮಿ.ಮೀ.ಗೂ ಜಾಸ್ತಿ. ತೂತು 16 ಮಿ.ಮೀ. ಆದರೂ ಇದ್ದರೆ ಅದು ಮರಕ್ಕೆ ಉಜ್ಜದೆ ತಿರುಗುತ್ತದೆ. ಬಿಗಿದ ಮೇಲೆ ಲಿವರ್ ಒತ್ತಿ ಬಿಡಿ. ಅರೆಬರೆ ಮೇಲೆ ಬಂದರೆ ಪ್ಲೇಟಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ಸರಿಹೋದರೆ ಪ್ಲೇಟು ಓರೆಯಾಗಿದೆ ಅಂತ ಅರ್ಥ, ಎಣ್ಣೆ ಬಿಟ್ಟು ಪ್ರಯೋಜನವಿಲ್ಲ.

ಹಿತ್ತಾಳೆಯ ಸ್ಕ್ರೂ ಮೆತ್ತಗೆ. ಗಟ್ಟಿ ಮರಕ್ಕೆ ನೇರವಾಗಿ ಬಿಗಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ಹಾಕಿ ದಾರಿ ಮಾಡಿ, ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಮೇಣದಬತ್ತಿ ಸವರಿ ಕೈಯಿಂದ ಬಿಗಿಯಿರಿ. ಇಲ್ಲಿ ಮೆಷಿನ್ ಬೇಡ. ಪಾಲಿಶ್ ಮಾಡಿಸುವ ಮರದ ಬಾಗಿಲಾದರೆ ಹ್ಯಾಂಡಲ್ ಒಮ್ಮೆ ಕೂರಿಸಿ ನೋಡಿ, ಬಿಚ್ಚಿಟ್ಟು, ಪಾಲಿಶ್ ಒಣಗಿದ ಮೇಲೆ ಮತ್ತೆ ಹಾಕಿ. ಟೇಪ್ ಸುತ್ತಿ ಬಿಟ್ಟು ಪಾಲಿಶ್ ಮಾಡುತ್ತೇವೆ ಅನ್ನುವವರ ಮಾತಿಗೆ ಒಪ್ಪಬೇಡಿ.

ಲಿವರಿನ ಕತ್ತಿನ ಕೆಳಗೆ ಅಲೆನ್ ಕೀ (ಎಲ್ ಆಕಾರದ, ಆರು ಮೂಲೆಯ ಸಣ್ಣ ಕಡ್ಡಿ) ಹಾಕುವ ಸಣ್ಣ ತಲೆಯಿಲ್ಲದ ಸ್ಕ್ರೂ ಇರುತ್ತದೆ. ಲಿವರ್ ಗಡಗಡ ಅನ್ನಲು ಶುರುವಾದರೆ ಮೊದಲು ಅದನ್ನೇ ನೋಡಿ. ಆ ಅಲೆನ್ ಕೀಯನ್ನು ಡಬ್ಬಿಯ ಜೊತೆ ಎಸೆಯದೆ, ಬಾಗಿಲ ಮೇಲಂಚಿಗೆ ಟೇಪಿನಿಂದ ಅಂಟಿಸಿಡಿ. ಐದು ವರ್ಷ ಆದರೂ ಅಲ್ಲೇ ಇರುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಬೇಸಿಗೆಯಲ್ಲಿ ಕೂರಿಸಿದ ಲಾಕ್ ಮಳೆಗಾಲದಲ್ಲಿ ಬಿಗಿಯಾದರೆ ಹ್ಯಾಂಡಲ್ ಮುಟ್ಟಬೇಡಿ. ಮರ ಉಬ್ಬಿ ನಾಲಿಗೆಗೂ ಚೌಕಟ್ಟಿನ ಪಟ್ಟಿಯ ತೂತಿಗೂ ಹೊಂದಿಕೆ ತಪ್ಪಿರುತ್ತದೆ. ಆ ಪಟ್ಟಿಯ ತೂತನ್ನು ಅರದಿಂದ ಒಂದೆರಡು ಮಿ.ಮೀ. ಉಜ್ಜಿ ಅಗಲ ಮಾಡಿದರೆ ಸಾಕು.

## ವಾರ್ಡ್‌ರೋಬು ಮತ್ತು ಡ್ರಾಯರ್

ಇಲ್ಲಿ ಎರಡು ತೂತುಗಳ ನಡುವಿನ ದೂರವೇ ಎಲ್ಲ. ಈಗಿನ ಹಿಡಿಗಳು 32ರ ಮಗ್ಗಿಯಲ್ಲಿ ಬರುತ್ತವೆ: 96, 128, 160, 192, 224 ಮಿ.ಮೀ. ಅಂಗಡಿಯಲ್ಲಿ 96ರದ್ದನ್ನು ಬಾಯಿಮಾತಿಗೆ "ನಾಲ್ಕು ಇಂಚು" ಅನ್ನುತ್ತಾರೆ. ನಿಜವಾದ 4 ಇಂಚು 101.6 ಮಿ.ಮೀ. ಹಳೆಯ ಹಿಡಿ ಬಿಚ್ಚಿ ಹೊಸದು ಹಾಕಲು ಹೋದಾಗ ಒಂದು ಸ್ಕ್ರೂ ಕೂತು ಇನ್ನೊಂದು ಕೂರದಿರುವುದು ಈ ಐದಾರು ಮಿ.ಮೀ. ವ್ಯತ್ಯಾಸದಿಂದ.

ಸ್ಕ್ರೂ ಉದ್ದವನ್ನೂ ನೋಡಿ. 18 ಮಿ.ಮೀ. ಪ್ಲೈವುಡ್, ಎರಡು ಬದಿಯ ಮೈಕಾ ಸೇರಿ ಸುಮಾರು 20. ಡಬ್ಬಿಯಲ್ಲಿ ಬರುವ 25 ಮಿ.ಮೀ. ಸ್ಕ್ರೂ ಸರಿಹೋಗುತ್ತದೆ. ಡ್ರಾಯರಿಗೆ ಹಲಗೆ ಎರಡು ಪದರ ಇದ್ದರೆ ಉದ್ದದ್ದು ಬೇಕು. ಸ್ಕ್ರೂ ಜಾಸ್ತಿ ಉದ್ದವಾದರೆ ಹಿಡಿಯ ಮರೆಯ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದ ಹಾಗೆ ಅನಿಸುತ್ತದೆ, ಹಿಡಿ ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ಒಂದು ವಾಷರ್ ಹಾಕಿದರೆ ಸರಿ. ಇಲ್ಲಿ ತೀರಾ ಚಪ್ಪಟೆಯ ಬಾಗು ಬೇಡ. ಬಟ್ಟೆ ತುಂಬಿದ ಡ್ರಾಯರ್ ಎಳೆಯಲು ಬೆರಳು ಪೂರ್ತಿ ಒಳಗೆ ಹೋಗಬೇಕು.

## ಹಳೆ ಬಾಗಿಲಿಗೆ ಹೊಸ ಹ್ಯಾಂಡಲ್

ಹಳೆಯ ತೂತುಗಳು ಹೊಸದಕ್ಕೆ ಹೊಂದುವುದು ಅಪರೂಪ. ಮೊದಲ ಆಯ್ಕೆ ಎಲ್ಲವನ್ನೂ ಮುಚ್ಚುವಷ್ಟು ಉದ್ದದ ಪ್ಲೇಟು. ಅದು ಇಷ್ಟವಿಲ್ಲದಿದ್ದರೆ ತೂತು ತುಂಬಿಸಬೇಕು. ಬಹಳ ಜನ ಎಂ-ಸೀಲ್ ಮೆತ್ತಿ ಮುಗಿಸುತ್ತಾರೆ. ಬಣ್ಣದ ಕೆಳಗೆ ಮುಚ್ಚಿಹೋಗಲು ಅದು ಸಾಕು, ಆದರೆ ಹೊಸ ಸ್ಕ್ರೂ ಅಲ್ಲೇ ಪಕ್ಕದಲ್ಲಿ ಬರುವುದಾದರೆ ಬೇಡ. ತೂತಿನ ಅಳತೆಗೆ ಮರದ ಗೂಟ ಕೆತ್ತಿ, ಫೆವಿಕಾಲ್ ಹಚ್ಚಿ ಬಡಿದು, ಮಾರನೆಯ ದಿನ ಮಟ್ಟವಾಗಿ ಕತ್ತರಿಸಿ ಅದರ ಮೇಲೆ ಹೊಸ ತೂತು ಹಾಕಿ. ಮರದ ಎಳೆ ಮರದ ಎಳೆಯನ್ನೇ ಹಿಡಿಯುತ್ತದೆ.

ಲಿವರ್ ಬಿಚ್ಚಿದ ಮೇಲೆ ಲಾಕ್ ಇನ್ನೂ ಬಾಗಿಲಲ್ಲೇ ಇದ್ದರೆ, ಬಾಗಿಲಿಗೆ ಅಡ್ಡವಾಗಿ ಒಂದು ಇಟ್ಟಿಗೆಯನ್ನೋ ಮರದ ತುಂಡನ್ನೋ ಇಡಿ. ಗಾಳಿಗೆ ಬಾಗಿಲು ಮುಚ್ಚಿಕೊಂಡು ನಾಲಿಗೆ ಕೂತುಬಿಟ್ಟರೆ ತೆಗೆಯಲು ಹ್ಯಾಂಡಲ್ ಇರುವುದಿಲ್ಲ, ಒಳಗಿದ್ದವರು ಒಳಗೇ. ಬಿಚ್ಚಿದ ಸ್ಪಿಂಡಲನ್ನು ಡಬ್ಬಿಗೆ ಹಾಕದೆ ಜೇಬಲ್ಲಿಟ್ಟುಕೊಳ್ಳಿ. ಲಾಕಿನ ಚೌಕ ತೂತಿಗೆ ಅದನ್ನು ತೂರಿಸಿ ಇಕ್ಕಳದಿಂದ ತಿರುಗಿಸಿದರೆ ನಾಲಿಗೆ ಹಿಂದೆ ಸರಿಯುತ್ತದೆ.